ಉಪ್ಪುಬೀದಿಯ ಮೀನೆಣಿಕೆ

ನಮ್ಮೂರಿನಲ್ಲಿ ಮಂಜು ಇಳಿಯುವ ಒಂಬತ್ತು ದಿನ ಯಾರೂ ಫ್ಯಾನು ಹಾಕುವುದಿಲ್ಲ. ಅಂಗಳದ ಬಟ್ಟೆ ಹಗ್ಗವನ್ನು ಬಿಚ್ಚಿ ಸುತ್ತಿಡುತ್ತೇವೆ. ಬೆಕ್ಕುಗಳನ್ನು ಅಟ್ಟದ ಕೋಣೆಗೆ ಹಾಕಿ ಚಿಲಕ ಹಾಕುತ್ತೇವೆ, ಅವು ಒಂಬತ್ತು ದಿನವೂ ನಮ್ಮನ್ನು ಬಾಯಿಗೆ ಬಂದಂತೆ ಬಯ್ಯುತ್ತವೆ. ಸೈಕಲ್ ಇದ್ದವರು ತಳ್ಳಿಕೊಂಡು ನಡೆಯುತ್ತಾರೆ. ಕೊಡೆ ಬಿಡಿಸುವುದಿಲ್ಲ. ಎದುರಿನಿಂದ ಬೂದುಗಣ್ಣಿ ಬಂದು ಕೆನ್ನೆಗೆ ತಾಗಿದರೆ ನಿಂತಲ್ಲೇ ನಿಂತು, ಅದು ಕಿವಿಯ ಪಕ್ಕದಿಂದ ದಾಟಿ ಹೋದ ಮೇಲೆಯೇ ಮುಂದಿನ ಹೆಜ್ಜೆ.

ಬೂದುಗಣ್ಣಿ ಎಂದರೆ ನಮ್ಮ ಕಡಲಿನ ಮೀನು. ಮೊಳದುದ್ದ, ಬೆನ್ನು ಒದ್ದೆ ಸ್ಲೇಟಿನ ಬಣ್ಣ, ಕಣ್ಣು ಆರಿದ ಒಲೆಯ ಬೂದಿಯಂಥದು. ವರ್ಷವಿಡೀ ನೀರಿನಲ್ಲೇ ಇರುತ್ತದೆ. ಹೊಟ್ಟೆಯಲ್ಲಿ ಮೊಟ್ಟೆ ತುಂಬಿದಾಗ ಮಾತ್ರ ಮಂಜಿನ ಜೊತೆ ದಡ ಹತ್ತಿ, ಉಪ್ಪುಬೀದಿಯಲ್ಲಿ ಆಳೆತ್ತರಕ್ಕೆ ಈಜುತ್ತಾ, ಗುಡ್ಡದ ಬುಡದಲ್ಲಿರುವ ಏಳು ಬಾವಿಗಳಿಗೆ ಹೋಗಿ ಇಳಿಯುತ್ತದೆ. ಮೊಟ್ಟೆಯಿಟ್ಟ ತಾಯಂದಿರು ಹಿತ್ತಿಲ ಓಣಿಯಿಂದ ಕಡಲಿಗೆ ಮರಳುತ್ತಾರೆ. ಮಳೆ ಹಿಡಿದು ಬಾವಿ ಉಕ್ಕಿದಾಗ ಬೆರಳುದ್ದದ ಮರಿಗಳು ಚರಂಡಿ ಹಿಡಿದು ಇಳಿಯುತ್ತವೆ. ಶಾಲೆ ಬಿಟ್ಟ ಮಕ್ಕಳು ಚರಂಡಿಯ ಅಂಚಿನಲ್ಲಿ ಕೂತು ಕಸಕಡ್ಡಿ ತೆಗೆದು ಅವಕ್ಕೆ ದಾರಿ ಮಾಡಿಕೊಡುತ್ತಾರೆ. ಬೂದುಗಣ್ಣಿಯ ಸಾರಿನ ರುಚಿಯನ್ನು ಮಾತ್ರ ನಾನು ವರ್ಣಿಸುವುದಿಲ್ಲ. ಹೇಳಿದರೆ ನೀವೂ ಬಲೆ ಹಿಡಿದುಕೊಂಡು ಬರುತ್ತೀರಿ.

ತೊಂದರೆ ಶುರುವಾದದ್ದೂ ಆ ರುಚಿಯಿಂದಲೇ. ಒಂದು ಕಾಲದಲ್ಲಿ ಉಪ್ಪಿನ ಗೋದಾಮಿನ ಹತ್ತಿರ ಬೀದಿ ಕಿರಿದಾಗುವ ಕಡೆ, ನಾವು ಗಂಟಲು ಎನ್ನುವ ಜಾಗದಲ್ಲಿ, ಯಾರು ಬೇಕಾದರೂ ಬಲೆ ಕಟ್ಟುತ್ತಿದ್ದರು. ಬಾವಿಗಳಲ್ಲಿ ಕೊಡ ಮುಳುಗಿಸಿದರೆ ಮರಿಯೇ ಬರುತ್ತಿದ್ದ ಕಾಲ ಹೋಗಿ, ಬರೀ ನೀರು ಬರುವ ಕಾಲ ಬಂತು. ಆಗ ನಾವು ಬೀದಿಯ ಹೆಂಗಸರು ಕಚೇರಿಗೆ ನಡೆದೂ ನಡೆದೂ ಒಂದು ನಿಯಮ ತರಿಸಿಕೊಂಡೆವು. ಹೋದ ವರ್ಷ ಎಣಿಸಿದ್ದರ ಮೂರನೇ ಒಂದು ಪಾಲನ್ನು ಮಾತ್ರ ಈ ವರ್ಷ ಹಿಡಿಯಬಹುದು. ಎಣಿಕೆ ಸಾವಿರಕ್ಕಿಂತ ಕೆಳಗೆ ಬಂದರೆ ಮೂರು ವರ್ಷ ಬಲೆ ಕಟ್ಟುವಂತೆಯೇ ಇಲ್ಲ. ಎಣಿಕೆ ನಡೆಯುವುದು ಗಂಟಲಿನಲ್ಲಿ, ಬೀದಿಯಲ್ಲಿ ಬಂದ ಮೀನಿನದ್ದು. ಕಾಗದಕ್ಕೆ ಎಣಿಸಿದವರೂ ದೋಣಿ ಸಂಘದ ಅಧ್ಯಕ್ಷರೂ ಸಹಿ ಹಾಕಬೇಕು. ಅಧ್ಯಕ್ಷ ನನ್ನ ತಮ್ಮ ಲೋಕಯ್ಯ. ಎಣಿಸುವವಳು ನಾನು, ವಾರಿಜ.

ಮಂಜಿನಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ, ಆದ್ದರಿಂದ ನಾವು ಕೈಯಿಂದ ಎಣಿಸುತ್ತೇವೆ. ಗಂಟಲಿನಲ್ಲಿ ಮಣೆ ಹಾಕಿ ಕೂತು, ಎಡಗೈಯನ್ನು ಅಡ್ಡ ಚಾಚಿ ಅಂಗೈ ಬಿಡಿಸಿ ಇಡುವುದು. ಪ್ರತಿ ಮೀನೂ ಅಂಗೈಗೆ ಬೆನ್ನು ಸವರಿಕೊಂಡೇ ಹೋಗುತ್ತದೆ, ಅದು ಯಾಕೆ ಹಾಗೆ ಮಾಡುತ್ತದೆ ಎಂದು ಯಾರೂ ಕೇಳಿಲ್ಲ. ಒಂದು ಸವರಿದರೆ ಬಲಗೈಯಿಂದ ಒಂದು ಹುಣಸೆಬೀಜ ಮಡಕೆಗೆ. ಇದನ್ನು ನನಗೆ ಕಲಿಸಿದ್ದು ಬೀದಿಯ ಕಡಲ ಕಡೆಯ ತುದಿಮನೆಯ ಅಪ್ಪಿಯಜ್ಜಿ. ನಲವತ್ತು ವರ್ಷ ಅವಳೇ ಎಣಿಸಿದವಳು. “ಕೈ ಚಾಚಿದ ಮೇಲೆ ಮಾತಾಡ್ಬಾರ್ದು ಮಗಾ, ನಿನಗದು ಕಷ್ಟವೇ,” ಎಂದು ಮೊದಲ ದಿನವೇ ಹೇಳಿದ್ದಳು. ನಿಜಕ್ಕೂ ಕಷ್ಟವೇ.

ಹೋದ ವರ್ಷ ನನ್ನ ಮಡಕೆಯಲ್ಲಿ ಸಾವಿರದ ಇನ್ನೂರ ನಲವತ್ತು ಬೀಜ ಬಿದ್ದವು. ಅಷ್ಟು ಬಿದ್ದು ಎಷ್ಟೋ ವರ್ಷವಾಗಿತ್ತು. ಊರಿಗೇ ಸಂತೋಷ. ಲೋಕಯ್ಯ ಹರಾಜುಕಟ್ಟೆಯ ಮೇಲೆ ನಿಂತು, “ನನ್ನ ಅಕ್ಕನ ಕೈ ಅಂದ್ರೆ ಎಂತ ಅಂತ ಗೊತ್ತಾಯ್ತಲ್ಲ,” ಎಂದು ಹೇಳಿಕೊಂಡ. ನಾನೂ ಉಬ್ಬಿದೆ. ನಾಲ್ಕು ನೂರ ಹದಿಮೂರು ಮೀನು ಹಿಡಿಯಬಹುದು ಎಂದು ಆದೇಶವಾಯಿತು. ಸಂಘದವರು ಎರಡು ತಿಂಗಳು ಕೂತು ಹೊಸ ಬಲೆ ಹೆಣೆದರು.

ಎಣಿಸುವಾಗ ಒಂದು ವಿಷಯ ನನ್ನ ಕೈಗೆ ಗೊತ್ತಾಗಿತ್ತು, ತಲೆಗೆ ಹೋಗಿರಲಿಲ್ಲ. ಬೆನ್ನಿನ ರೆಕ್ಕೆ ಎರಡಾಗಿ ಸೀಳಿದ ಮೀನೊಂದು ಮೊದಲ ದಿನ ಅಂಗೈ ಸವರಿತು. ಮರುದಿನವೂ ಅಂಥದೇ ಒಂದು. ನಾಲ್ಕನೇ ದಿನ ಇನ್ನೊಂದು. ಒಂದೇ ತಾಯಿಯ ಮಕ್ಕಳಿರಬೇಕು, ನಮ್ಮ ಮನೆಯವರಿಗೆಲ್ಲ ಮೂಗು ಒಂದೇ ತರ ಇಲ್ಲವೇ ಎಂದುಕೊಂಡು ಮೂರು ಬೀಜ ಹಾಕಿದೆ. ಮಳೆಗಾಲ ಬಂತು. ಚರಂಡಿಯ ಅಂಚಿನಲ್ಲಿ ಕೂತ ಮಕ್ಕಳು ಬರಿಗೈ ಬೀಸಿಕೊಂಡು ಮನೆಗೆ ಬಂದವು. “ಅಕ್ಕಾ, ಮರಿಯೇ ಇಲ್ಲ. ಎಣಿಸ್ಲಿಕ್ಕೆ ಗೊತ್ತುಂಟಾ ನಿಮ್ಗೆ?” ಎಂದು ಒಂದು ಹುಡುಗಿ ನನ್ನ ಮುಖಕ್ಕೇ ಕೇಳಿತು. ನಾನು ಮತ್ತು ಏಳನೇ ಮನೆಯ ಬೇಬಿ ಬಾವಿಗಳನ್ನು ನೋಡುತ್ತಾ ಹೋದೆವು. ಏಳರಲ್ಲಿ ಎರಡರಲ್ಲಿ ಮಾತ್ರ ಮರಿಗಳ ಮಿಸುಕಾಟ. ಹಿಂತಿರುಗುವಾಗ ಬೇಬಿ ಶಾಲೆಯ ಹತ್ತಿರ ನಿಂತಳು. ಆಡು ನುಗ್ಗುತ್ತವೆ ಎಂದು ಆ ವರ್ಷ ಮಂಜು ಇಳಿಯುವ ಮುಂಚೆ ಹಾಕಿಸಿದ ಕಬ್ಬಿಣದ ಗೇಟು, ಅದಕ್ಕೆ ಸಣ್ಣ ಕಣ್ಣಿನ ಜಾಲರಿ. ಬಾವಿಗೆ ಹೋಗುವ ದಾರಿಗೆ ಸರಿಯಾಗಿ ಅಡ್ಡ. “ವಾರಿಜಕ್ಕ, ಇದ್ರಲ್ಲಿ ನನ್ನ ಕಿರುಬೆರಳು ಹೋಗುದಿಲ್ಲ,” ಎಂದಳು.

ನಾನು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟೆ. ಮೀನುಗಳು ಗೇಟಿನವರೆಗೆ ಬಂದು, ದಾರಿ ಕಾಣದೆ ಹಿತ್ತಿಲ ಓಣಿಯಲ್ಲಿ ಕಡಲಿಗೆ ಇಳಿದು, ಮತ್ತೆ ಬೀದಿ ಹತ್ತಿದ್ದವು. ಗೇಟು ತೆರೆದ ಹೊತ್ತಿಗೆ ಸರಿಯಾಗಿ ಬಂದ ಕೆಲವು ಮಾತ್ರ ಬಾವಿ ಸೇರಿದ್ದವು. ಮತ್ತೆ ನನ್ನ ಅಂಗೈ, ಮತ್ತೆ ಒಂದು ಬೀಜ. ಸೀಳುರೆಕ್ಕೆಯವಳು ಮೂವರು ಅಕ್ಕತಂಗಿಯರಲ್ಲ, ಒಬ್ಬಳೇ. ಅವಳು ಮೂರು ಸಲ ಬಂದಿದ್ದರೆ ಉಳಿದವರೂ ಹಾಗೆಯೇ. ಇದ್ದದ್ದು ಸಾವಿರದ ಇನ್ನೂರಲ್ಲ, ನಾನ್ನೂರರ ಹತ್ತಿರ. ಈ ವರ್ಷ ಹಿಡಿಯಲು ಅನುಮತಿ ಇರುವುದು ನಾನ್ನೂರ ಹದಿಮೂರು. ಅಂದರೆ ಎಲ್ಲವನ್ನೂ ಬಳಿದುಹಾಕಲು ನಾನೇ ಸಹಿ ಹಾಕಿ ಕೊಟ್ಟಿದ್ದೆ. ಅಪ್ಪಿಯಜ್ಜಿಗೆ ಹೋಗಿ ಹೇಳಿದೆ. ಅವಳು ಬಹಳ ಹೊತ್ತು ತನ್ನ ಅಂಗೈಯನ್ನೇ ನೋಡಿಕೊಂಡಳು. “ನಾನು ನಲವತ್ತು ವರ್ಷ ಎಣಿಸಿದ್ದರಲ್ಲಿ ಎಷ್ಟು ಸಲ ಎಷ್ಟು ತಪ್ಪಿದ್ದೇನೋ. ನನ್ನ ತಪ್ಪನ್ನು ಯಾರೂ ಕಾಗದಕ್ಕೆ ಹಾಕ್ಲಿಲ್ಲ, ನಿನ್ನದು ಹಾಕಿದ್ದಾರೆ. ಹೋಗಿ ತೆಗಿಸು,” ಎಂದಳು.

ಶಾಲೆಯ ಹೆಡ್ಮಾಸ್ತರರು ಒಳ್ಳೆಯವರು, ಒಂದು ಮಾತಿಗೆ ಜಾಲರಿ ಕಿತ್ತು ಹಾಕಿಸಿದರು. ಕಾಗದ ಅಷ್ಟು ಸುಲಭಕ್ಕೆ ಕಿತ್ತು ಬರಲಿಲ್ಲ. ಮೀನುಗಾರಿಕೆ ಕಚೇರಿಯ ಹೊಸಮನಿ ಸಾಹೇಬರು ಘಟ್ಟದ ಮೇಲಿನವರು, ಮೃದು ಮಾತಿನ ಮನುಷ್ಯ. ಹರಾಜುಕಟ್ಟೆಯಲ್ಲಿ ಸಭೆ ಕರೆದರು. ನಾನು ಎದ್ದು ನಿಂತು, ತಪ್ಪು ನನ್ನದು, ಎಣಿಕೆ ರದ್ದು ಮಾಡಿ ಎಂದೆ. ಇಪ್ಪತ್ತೆರಡು ದೋಣಿಯವರು ಒಟ್ಟಿಗೆ ಬಾಯಿ ಹಾಕಿದರು. ಸಾಹೇಬರು ಕೈಯೆತ್ತಿ ಸುಮ್ಮನಿರಿಸಿ, “ನೋಡ್ರಿ ತಾಯಿ, ನೀವು ಹೇಳೋದು ಖರೇನೇ ಇರಬಹುದು. ಆದ್ರ ಅಂಕಿ ರಾಜಧಾನಿಗೆ ಹೋಗಿ, ಆದೇಶ ಆಗಿ, ಅಚ್ಚಾಗಿ ಬಂದದ. ಈಗ ಅದನ್ನ ತಿದ್ದಾಕ ನನಗ ಅಧಿಕಾರ ಇಲ್ಲ. ಈ ವರ್ಷದ ಎಣಿಕಿ ಸರಿಯಾಗಿ ಮಾಡ್ರಿ, ಮುಂದಿನ ವರ್ಷ ತಾನಾಗೇ ಸರಿ ಹೋಗ್ತದ,” ಎಂದರು. “ಮುಂದಿನ ವರ್ಷ ಎಂತ ಎಣಿಸುದು ಸಾರ್, ನನ್ನ ಬೆರಳಾ?” ಎಂದೆ. ಹೆಂಗಸರ ಸಾಲಿನಲ್ಲಿ ಯಾರೋ ನಕ್ಕರು. ಲೋಕಯ್ಯ ನಗಲಿಲ್ಲ.

ಅವನ ಮಾತಿನಲ್ಲೂ ನ್ಯಾಯವಿತ್ತು, ಅದನ್ನು ಬಿಟ್ಟು ಹೇಳಿದರೆ ನನ್ನ ಬಾಯಿಗೆ ಒಳ್ಳೆಯದಲ್ಲ. “ಅಕ್ಕ, ನೀನು ಹೇಳಿದ ಲೆಕ್ಕ ನಂಬಿ ನಾವು ಬಲೆ ಹೆಣೆದದ್ದು. ಈಗ ನಾನ್ನೂರು ಅಂದ್ರೆ ಸಾವಿರದ ಕೆಳಗೆ, ಮೂರು ವರ್ಷ ಬಂದ್. ಬರೀ ಬಂಗುಡೆ ಹಿಡಿದ್ರೆ ಡೀಸೆಲಿಗೂ ಸಾಕಾಗುದಿಲ್ಲ. ಒಂದು ಸೀಳಿದ ರೆಕ್ಕೆ ನಿನ್ನ ಕೈಗೆ ತಾಗಿತು ಅಂತ ಇಪ್ಪತ್ತೆರಡು ಮನೆಯವರು ಉಪವಾಸ ಕೂರ್ಬೇಕಾ?” ಎಂದ. “ಮೂರು ವರ್ಷ ಕಷ್ಟ ಆಗ್ತದೆ ಲೋಕಾ, ಸುಳ್ಳಲ್ಲ. ಈ ವರ್ಷ ಹಿಡಿದ್ರೆ ಆಮೇಲೆ ಯಾವತ್ತೂ ಇಲ್ಲ.” “ಅದು ನಿನ್ನ ಅಂದಾಜು.” “ಸಾವಿರದ ಇನ್ನೂರೂ ನನ್ನ ಅಂದಾಜೇ ಅಲ್ವಾ? ಅದನ್ನು ಕಟ್ಟೆ ಮೇಲೆ ನಿಂತು ಊರಿಗೆಲ್ಲ ಹೇಳಿದ್ದಿಯಲ್ಲ?” ಎಂದೆ. ಅವನು ಟವೆಲನ್ನು ಹೆಗಲಿಗೆ ಹಾಕಿಕೊಂಡು ಎದ್ದ. “ಆದೇಶ ಉಂಟು, ಬಲೆ ಕಟ್ತೇವೆ. ಬೀದಿಗೆ ಅಡ್ಡ ಬಂದ್ರೆ ಅಕ್ಕ ಅಂತ ನೋಡುದಿಲ್ಲ.” ನನಗೂ ಸಿಟ್ಟು ಬಂತು. “ಬೀದಿ ನಿನ್ನದೇ ಇರ್ಲಿ ಮಾರಾಯ, ನಾನು ಬೀದಿಗೆ ಬರುದೇ ಇಲ್ಲ,” ಎಂದೆ. ಆಗ ಅದು ಬರೀ ಬಾಯಿಗೆ ಬಂದ ಮಾತು.

ದಾರಿ ಹೊಳೆದದ್ದು ಅಪ್ಪಿಯಜ್ಜಿಯ ಅಡುಗೆಮನೆಯಲ್ಲಿ. ಬೀದಿಯ ಒಂದು ಬದಿಗೆ ನಮ್ಮ ಹನ್ನೊಂದು ಮನೆಗಳು ಒಂದಕ್ಕೊಂದು ಅಂಟಿಕೊಂಡಿವೆ. ಮೊದಲನೆಯದು ಅಜ್ಜಿಯದು, ಅದರ ಕಿಟಕಿ ಕಡಲಿಗೆ ಮುಖ. ಕೊನೆಯದರ ಹಿತ್ತಿಲ ಬಾಗಿಲು ತೆರೆದರೆ ಏಳು ಬಾವಿ. ಗಂಟಲು ಇರುವುದು ನಡುವಿನಲ್ಲಿ. ಅಜ್ಜಿ ಒಲೆಯ ಮುಂದೆ ಕೂತು, ಹೊಗೆ ಕಿಟಕಿಯಿಂದ ಹೊರಗೆ ಹೋಗುವುದನ್ನು ನೋಡುತ್ತಾ, “ಮೀನು ಬರುದು ಮಂಜು ಇದ್ದಲ್ಲಿ. ಮಂಜು ನಿಲ್ಲುದು ಬೆಂಕಿ ಇಲ್ಲದಲ್ಲಿ,” ಎಂದಳು. ನಾನು ಮತ್ತು ಬೇಬಿ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಒಲೆಗಳು ಜಗಲಿಗೆ ಬಂದರೆ ಬೀದಿ ಬಿಸಿಯಾಗಿ ಮಂಜು ಕರಗುತ್ತದೆ. ಒಳಗೆ ತಣ್ಣಗಿದ್ದರೆ ಮಂಜು ಕಿಟಕಿಯಿಂದ ನುಗ್ಗಿ ಮನೆ ತುಂಬುತ್ತದೆ. ಮನೆಯಿಂದ ಮನೆಗೆ ಗೋಡೆ ತೆಗೆದರೆ ಬಾವಿಯವರೆಗೆ ಮಂಜಿನದೇ ಒಂದು ಬೀದಿ. “ಜಗಲಿಯಲ್ಲಿ ಅಡುಗೆ ಮಾಡ್ಬಾರ್ದು ಅಂತ ಸಾಹೇಬರ ಆದೇಶದಲ್ಲಿ ಉಂಟಾ?” ಎಂದು ಬೇಬಿ ಕೇಳಿದಳು. ಇರಲಿಲ್ಲ. ನಾನು ಎರಡು ಸಲ ಓದಿ ನೋಡಿದ್ದೆ.

ಗೋಡೆ ಒಡೆಯುವುದು ಹೇಳಿದಷ್ಟು ಹಗುರವಲ್ಲ. ಹತ್ತು ಗೋಡೆ. ಮೂರನೇ ಮನೆಯಾಕೆ, “ಅತ್ತೆ ಬದುಕಿದ್ದಾಗ ಒಂದು ಮೊಳೆ ಹೊಡೀಲಿಕ್ಕೆ ಬಿಡ್ಲಿಲ್ಲ, ಈಗ ನೋಡ್ಲಿ,” ಎಂದು ತಾನೇ ಮೊದಲ ಪೆಟ್ಟು ಹಾಕಿದಳು. ಒಂಬತ್ತನೆಯವಳು ಮಗಳ ಮದುವೆಗೆ ಬಳಿಸಿದ ಬಣ್ಣದ ಗೋಡೆಯನ್ನು ಕೈಯಿಂದ ಸವರಿ, ಸ್ವಲ್ಪ ಅತ್ತು, ಒಡೆದಳು. ಗಂಡಸರಿಗೆ ಮನೆಯಲ್ಲಿ ಏನು ನಡೆಯುತ್ತಿದೆ ಎಂದು ತಿಳಿದಾಗ ಅರ್ಧ ಕೆಲಸ ಮುಗಿದಿತ್ತು. ಕೆಲವರು ಕೂಗಾಡಿದರು. ಕೂಗಾಡಿದವರ ಊಟ ಆ ದಿನ ತಡವಾಯಿತು, ಅಷ್ಟೆ. ಉಳಿದದ್ದು ಆರನೇ ಮನೆಯ ಎರಡು ಗೋಡೆ, ಏಳನೆಯದರ ಕಡೆಯದು ಮತ್ತು ಐದನೆಯದರ ಕಡೆಯದು. ಐದನೆಯದು ನಾನಿರುವುದು, ಆರನೆಯದು ಲೋಕಯ್ಯನದು. ಅಪ್ಪ ತೀರಿಕೊಂಡ ಮೇಲೆ ಒಂದೇ ಮನೆಯನ್ನು ಎರಡು ಮಾಡಿ ನಾವೇ ನಿಂತು ಎಬ್ಬಿಸಿದ್ದು ನಮ್ಮಿಬ್ಬರ ನಡುವಿನ ಗೋಡೆ.

ಲೋಕಯ್ಯ ಗಂಟಲಿನಲ್ಲಿ ಬಲೆಯ ಗೂಟ ಹುಗಿಯುತ್ತಿದ್ದ ಹೊತ್ತು ನೋಡಿ ಹಾರೆ ಎತ್ತಿದೆ. ಎರಡು ಪೆಟ್ಟು ಬಿದ್ದಿರಬಹುದು, ಆ ಕಡೆಯಿಂದ ಅವನ ಹೆಂಡತಿ ಜಲಜಳ ಸ್ವರ ಬಂತು. “ತಡೀರಿ ಅತ್ತಿಗೆ, ತಡೀರಿ! ಕಪಾಟಿನಲ್ಲಿ ಪಿಂಗಾಣಿ ಉಂಟು, ತೆಗೀತೇನೆ.” ಪಾತ್ರೆಗಳ ಟಣಟಣ ಕೇಳಿತು. “ಹ್ಞಾ, ಈಗ ಹೊಡೀರಿ. ನಾನು ಮಾತ್ರ ಅಂಗಡಿಗೆ ಹೋಗಿದ್ದೆ, ಆಯ್ತಾ?” ಆಳೆತ್ತರದ ಕಿಂಡಿಯಾಯಿತು. ಆ ಬದಿಯ ಗೋಡೆಯನ್ನು ಬೇಬಿ ಏಳನೇ ಮನೆಯಿಂದ ಒಡೆದಳು. ಸಂಜೆ ಬಂದ ಲೋಕಯ್ಯ ಬೇಬಿಯ ಕಡೆಯ ಕಿಂಡಿಗೆ ಕೈ ಹಾಕಲಿಲ್ಲ. ನನ್ನ ಕಡೆಯದಕ್ಕೆ ಮಾತ್ರ ದೋಣಿಯ ಹಲಗೆ ತಂದು ಅಡ್ಡ ಇಟ್ಟು ಆರು ಮೊಳೆ ಹೊಡೆದ. ಮೊಳೆಯ ಶಬ್ದ ಎಣಿಸುತ್ತಾ ನಾನು ಈಚೆ ಕೂತಿದ್ದೆ.

ಮರುದಿನ ಬೆಳಿಗ್ಗೆ ಏಳು ಗಂಟೆಗೆ ಮಂಜು ಇಳಿಯಿತು. ಹನ್ನೊಂದು ಜಗಲಿಗಳಲ್ಲಿ ಹನ್ನೊಂದು ಒಲೆ ಉರಿಯುತ್ತಿದ್ದವು. ಒಬ್ಬಳು ಗಂಜಿ, ಒಬ್ಬಳು ಹುರುಳಿ ಬೇಯಿಸುತ್ತಿದ್ದಳು, ಒಬ್ಬಳು ಬರೀ ನೀರು ಕಾಯಿಸುತ್ತಿದ್ದಳು. ಗಂಟಲಿನ ಬಲೆಯ ಹಿಂದೆ ಗಂಡಸರು ನಿಂತಿದ್ದರು, ಬೀದಿ ಸ್ಪಷ್ಟವಾಗಿ ಕಾಣುತ್ತಿತ್ತು, ಯಾರ ಮೀಸೆ ಎಷ್ಟು ನರೆತಿದೆ ಎಂದು ಹೇಳುವಷ್ಟು. ನಾನು ನಿಯಮದ ಪ್ರಕಾರ ಮಣೆ ಹಾಕಿ ಕೂತು ಕೈ ಚಾಚಿದೆ. ಅಂಗೈ ಒಣಗಿಯೇ ಇತ್ತು. ಒಂದು ಗಂಟೆ, ಎರಡು ಗಂಟೆ. ಬೇಬಿ ಓಡಿ ಬಂದು ಕಿವಿಯಲ್ಲಿ, “ನಿಮ್ಮ ಅಡುಗೆಮನೆಗೆ ಬಂದಿವೆ ವಾರಿಜಕ್ಕ. ಮುಂದೆ ಹೋಗ್ಲಿಕ್ಕಾಗದೆ ನಿಂತಿವೆ,” ಎಂದಳು. ಮಣೆಯನ್ನು ಅವಳಿಗೆ ಬಿಟ್ಟು ಎದ್ದೆ. ಲೋಕಯ್ಯನ ಎದುರೇ ಹಾದು ಹೋದೆ. ಖಾಲಿ ಬಲೆಯನ್ನು ನೋಡಿ ನೋಡಿ ಅವನಿಗೂ ಸಾಕಾಗಿತ್ತು, ತನ್ನ ಬಾಗಿಲಿನಿಂದ ಅವನೂ ಒಳಗೆ ಹೋದ.

ನನ್ನ ಅಡುಗೆಮನೆಯಲ್ಲಿ ನನಗೇ ಜಾಗವಿರಲಿಲ್ಲ. ಬೀದಿಯಷ್ಟು ದಟ್ಟವಲ್ಲದ ಮಂಜಿನಲ್ಲಿ ನೆಲದಿಂದ ಮಾಡಿನವರೆಗೆ ಬೂದುಗಣ್ಣಿಗಳು, ಒಂದರ ಹೊಟ್ಟೆಗೆ ಇನ್ನೊಂದರ ಬೆನ್ನು. ಸೌಟಿನ ಸಾಲಿನ ನಡುವೆ, ಉಪ್ಪಿನ ಭರಣಿಯ ಸುತ್ತ, ಎಲ್ಲವೂ ಹಲಗೆಯ ಕಡೆಗೇ ಮುಖ ಮಾಡಿ. ಪಕ್ಕಕ್ಕೆ ಸರಿಯುತ್ತಾ ಹೋಗಿ ಹಲಗೆಗೆ ಬಾಯಿ ಹಚ್ಚಿ, “ಲೋಕಾ, ತೆಗಿ,” ಎಂದೆ. “ತೆಗಿಯುದಿಲ್ಲ.” “ತೆಗಿಯಬೇಡ. ಅಲ್ಲೇ ನಿಂತ್ಕೋ.” ಮೀನುಗಳು ಮೂತಿಯಿಂದ ಹಲಗೆ ಮುಟ್ಟುತ್ತಿದ್ದವು, ಟಪ್, ಟಪ್. “ಎಂತ ಶಬ್ದ ಅದು?” ಎಂದ. “ಬಸುರಿಯರು ಬಾಗಿಲು ತಟ್ಟುದು.” “ನೀನು ಹೀಗೆಲ್ಲ ಮಾತಾಡಿ ನನ್ನ ಬಾಯಿ ಮುಚ್ಚಿಸ್ಲಿಕ್ಕೆ ಬರ್ಬೇಡ.” “ಮಾತಾಡುದಿಲ್ಲ. ಮೇಲೆ ಒಂದು ಗೇಣು ಸಂದು ಬಿಟ್ಟಿದ್ದಿಯಲ್ಲ, ಅದ್ರಲ್ಲಿ ನೋಡು. ನಾನು ಎಣಿಸಿದ್ದು ಬೇಡ, ನೀನೇ ನೋಡು. ಕಡಲಲ್ಲಿ ಇದ್ದದ್ದು ಹೆಚ್ಚುಕಮ್ಮಿ ಎಲ್ಲ ಇಲ್ಲಿ ಉಂಟು.”

ಸ್ಟೂಲು ಎಳೆದ ಸದ್ದಾಯಿತು. ಸಂದಿನಲ್ಲಿ ಅವನ ಹಣೆ ಕಂಡಿತು, ಆಮೇಲೆ ಕಣ್ಣು. ಆ ಕಣ್ಣು ಮಾಡಿನಿಂದ ನೆಲದವರೆಗೆ, ಬಾಗಿಲಿನಿಂದ ಮೂಲೆಯವರೆಗೆ ಹೋಗಿ ಬಂತು. “ಹಿಂದಿನ ಮನೆಯಲ್ಲಿ?” ಎಂದ. “ಖಾಲಿ.” “ಅಜ್ಜಿ ಮನೆಯಲ್ಲಿ?” “ಅಲ್ಲಿ ಅಜ್ಜಿ ಒಬ್ಬಳೇ, ಕಂಬಳಿ ಹೊದ್ದು ಕೂತಿದ್ದಾಳೆ. ಬೇಕಾದ್ರೆ ಹೋಗಿ ನೋಡು.” ಅವನು ಹೋಗಲಿಲ್ಲ. “ಇಷ್ಟೇಯಾ?” ಎಂದ. ಅಪ್ಪನ ಜೊತೆ ಮೊದಲ ಸಲ ಕಡಲಿಗೆ ಹೋಗಿ ಬಂದ ದಿನ ಅವನ ಸ್ವರ ಹೀಗಿತ್ತು. “ಅಕ್ಕ, ಇಷ್ಟೇಯಾ? ಅರ್ಧ ಮನೆಯ ಅಡುಗೆಕೋಣೆಯಲ್ಲಿ ಹಿಡಿಸುವಷ್ಟಾ?” “ಇಷ್ಟೇ.” ಸ್ಟೂಲಿನಿಂದ ಇಳಿದ ಸದ್ದು. ಜಲಜ ಏನೋ ಹೇಳಲು ಹೋದಳು, ಅವನು ಗದರಿದ. ಆಮೇಲೆ ಸುತ್ತಿಗೆಯ ಹಿಂಬದಿಯಿಂದ ಮೊಳೆ ಮೀಟುವ ಕಿರಗುಟ್ಟುವಿಕೆ. ಒಂದು. ಎರಡು. ಆರನೆಯದು ಬರುವ ಮೊದಲೇ ಹಲಗೆ ವಾಲಿತು, ಅವನು ಅದನ್ನು ಎದೆಗೆ ಅವುಚಿಕೊಂಡು ಹಿಂದೆ ಸರಿದ. ಮೀನುಗಳು ಅವನ ಕಿವಿ, ಹೆಗಲು, ಟವೆಲು ಎಲ್ಲವನ್ನೂ ಸವರಿಕೊಂಡು ಅವನ ಮನೆ ದಾಟಿದವು. ನಾನು ಕೈ ಚಾಚಲಿಲ್ಲ.

ಒಂಬತ್ತು ದಿನವೂ ಒಲೆಗಳು ಜಗಲಿಯಲ್ಲೇ ಉರಿದವು, ಬಲೆ ಖಾಲಿಯೇ ಉಳಿಯಿತು. ಸಂಘದವರು ಒಂದು ದಿನ ಜಗಲಿಗಳ ಮುಂದೆ ಬಂದು ಗಲಾಟೆ ಮಾಡಿದರು. “ನೀರು ಹಾಕಿ ಒಲೆ ನಂದಿಸ್ತೇವೆ,” ಎಂದು ಒಬ್ಬ ಕೊಡ ಎತ್ತಿದ. ಅಪ್ಪಿಯಜ್ಜಿ ಜಗಲಿಯಿಂದಲೇ, “ನಂದಿಸು ಮಗಾ, ನಿನ್ನ ಅಮ್ಮ ಮೂರನೇ ಒಲೆಯಲ್ಲಿ ನಿನಗೇ ಗಂಜಿ ಬೇಯಿಸ್ತಾ ಇದ್ದಾಳೆ,” ಎಂದಳು. ಅವನು ಕೊಡ ಇಳಿಸಿದ. ಲೋಕಯ್ಯ ನಮ್ಮ ಪರವಾಗಿ ಏನೂ ಹೇಳಲಿಲ್ಲ, ಅವರ ಪರವಾಗಿಯೂ ಹೇಳಲಿಲ್ಲ. ಬಲೆಯ ಹತ್ತಿರ ಕೂತು ಬೀಡಿ ಸೇದಿದ.

ಹತ್ತನೇ ದಿನ ಹೊಸಮನಿ ಸಾಹೇಬರು ಕಾಗದ ತಂದರು. ಹರಾಜುಕಟ್ಟೆ ತುಂಬಿತ್ತು. “ಹೇಳ್ರಿ ತಾಯಿ, ಈ ವರ್ಷದ ಎಣಿಕಿ ಎಷ್ಟು?” ಎಂದರು. “ಬೀದಿಯಲ್ಲಿ ಬಂದದ್ದು ಒಂದೂ ಇಲ್ಲ ಸಾರ್. ಸೊನ್ನೆ ಬರೀರಿ.” ಅವರು ಪೆನ್ನು ಕೆಳಗಿಟ್ಟರು. “ನಾ ಕಣ್ಣಿಲ್ಲದವ ಅಲ್ಲರೀ. ಮನಿಯೊಳಗ ಎಷ್ಟು ಬಂದ್ವು?” “ಮನೆಯೊಳಗೆ ಬಂದವರನ್ನು ನಾವು ಎಣಿಸುದಿಲ್ಲ ಸಾರ್. ನಿಮ್ಮ ಮನೆಗೆ ನೆಂಟರು ಬಂದ್ರೆ ನೀವು ಎಣಿಸ್ತೀರಾ?” “ಇದು ಸರಕಾರಿ ಕಾಗದ.” “ಅದಕ್ಕೇ ಸರಿಯಾದ್ದು ಹೇಳ್ತಾ ಇದ್ದೇನೆ. ಹೋದ ಸಲ ತಪ್ಪು ಹೇಳಿದ್ದು ನಾನೇ, ತಿದ್ದಿ ಅಂದಾಗ ತಿದ್ಲಿಲ್ಲ ನೀವು. ಈ ಸಲ ತಪ್ಪಿಲ್ಲ. ಕಾಗದದಲ್ಲಿ ಬೀದಿ ಅಂತ ಉಂಟು, ನಾನು ಮತ್ತು ಬೇಬಿ ಬೀದಿಯಲ್ಲಿ ಕೂತೆವು, ಬಂದದ್ದು ಸೊನ್ನೆ.” ಸಾಹೇಬರು ಸುತ್ತ ನೋಡಿದರು. ಅವರ ತುಟಿಯ ತುದಿಯಲ್ಲಿ ಒಂದು ನಗು ಬಂದದ್ದನ್ನು ನಾನು ಕಂಡೆ, ಅವರು ಅದನ್ನು ಕೆಮ್ಮಿ ಮುಚ್ಚಿದರು. ಸೊನ್ನೆ ಬರೆದು, “ಮೂರು ವರ್ಷ ಬಂದ್,” ಎಂದು ಗಟ್ಟಿಯಾಗಿ ಓದಿ, ನನ್ನ ಸಹಿ ಹಾಕಿಸಿಕೊಂಡು, ಕಾಗದವನ್ನು ಲೋಕಯ್ಯನ ಕಡೆಗೆ ತಳ್ಳಿದರು.

“ಹಾಕ್ಬೇಡ ಅಧ್ಯಕ್ಷಾ!” ಎಂದು ಹಿಂದಿನಿಂದ ಕೂಗು ಬಂತು. “ನೀನು ಸಹಿ ಹಾಕದಿದ್ರೆ ಹಳೆಯ ಅಂಕಿಯೇ ನಿಲ್ತದೆ!” ಅದು ನಿಜವಿತ್ತು. ಲೋಕಯ್ಯ ಪೆನ್ನು ತೆಗೆದುಕೊಂಡು ಎದ್ದು, ತನ್ನವರ ಕಡೆಗೆ ತಿರುಗಿ ನಿಂತ. “ನಾನು ನೋಡಿದ್ದೇನೆ,” ಎಂದ. “ನಿಮ್ಮಲ್ಲಿ ಯಾರಾದ್ರೂ ನೋಡಿದ್ದೀರಾ?” ಕೊಡ ಎತ್ತಿದ್ದವನು ನೆಲ ನೋಡಿದ. “ಮುಂದಿನ ವರ್ಷ ಮಂಜು ಇಳಿದಾಗ ನಮ್ಮ ಮನೆಗೆ ಬನ್ನಿ. ನೋಡಿ. ಆಮೇಲೆ ನನ್ನನ್ನು ಅಧ್ಯಕ್ಷಗಿರಿಯಿಂದ ತೆಗೀರಿ, ದೋಣಿಯಿಂದ ತೆಗೀರಿ, ಎಂತ ಬೇಕಾದ್ರೂ ಮಾಡಿ.” ಬಗ್ಗಿ, ದೊಡ್ಡ ಅಕ್ಷರದಲ್ಲಿ, ಕಾಗದ ಹರಿಯುವಷ್ಟು ಒತ್ತಿ ಹೆಸರು ಬರೆದ.

ಮನೆಗೆ ನಡೆಯುವಾಗ ನನ್ನಿಂದ ನಾಲ್ಕು ಹೆಜ್ಜೆ ಮುಂದೆಯೇ ಇದ್ದ. ಬಾಗಿಲ ಹತ್ತಿರ ನಿಂತು, ನನ್ನ ಮುಖ ನೋಡದೆ, “ಗೋಡೆ ಯಾವಾಗ ಕಟ್ಟಿಸಿಕೊಡ್ತೀ?” ಎಂದು ಕೇಳಿದ.

“ಕಟ್ಟಿಸುದಿಲ್ಲ,” ಎಂದೆ.